ಬಿಸಿಯಾದರೆ ಎಂಜಿನ್ ಆಫ್, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಟಕಟ: ಸೆನ್ಸರ್ ಕೆಟ್ಟಿದೆಯೋ, ಟೈಮಿಂಗ್ ತಪ್ಪಿದೆಯೋ?

ಪ್ರಶ್ನೆ: ನನ್ನದು 9 ವರ್ಷದ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್, 1,12,000 ಕಿಲೋಮೀಟರ್ ಓಡಿದೆ. ಮೂರು ತಿಂಗಳ ಹಿಂದೆ ಚೆಕ್ ಎಂಜಿನ್ ಲೈಟ್ ಬಂತು. ಸ್ಕ್ಯಾನ್ ಮಾಡಿದವರು ಪಿ0341 ಕೋಡ್ ಇದೆ, ಕ್ಯಾಮ್ ಸೆನ್ಸರ್ ಹೋಗಿದೆ ಎಂದು ಹೊಸದು ಹಾಕಿದರು. ಹತ್ತು ದಿನ ಸರಿ ಇತ್ತು, ಮತ್ತೆ ಲೈಟ್ ಬಂತು. ಈಗ ಪಿ0016 ಕೂಡ ತೋರಿಸುತ್ತಿದೆ. ಇದರ ಜೊತೆಗೆ ಇನ್ನೊಂದು ಕಾಟ. ಅರ್ಧ ಗಂಟೆ ಓಡಿಸಿದ ಮೇಲೆ ಎಂಜಿನ್ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಸೆಲ್ಫ್ ಹೊಡೆದರೆ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಹೊಡೆದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಕಟಕಟ ಸದ್ದು ಬಂದು ನಿಲ್ಲುತ್ತದೆ. ಒಬ್ಬರು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್ ಹೋಗಿದೆ ಅನ್ನುತ್ತಾರೆ, ಒಬ್ಬರು ಫ್ಯೂಯಲ್ ಪಂಪ್ ಅನ್ನುತ್ತಾರೆ, ಇನ್ನೊಬ್ಬರು ಟೈಮಿಂಗ್ ಚೈನ್ ಕಿಟ್ ಹಾಕಿಸಿ ಅನ್ನುತ್ತಾರೆ. ಕೋಡ್ ಅಳಿಸಿಕೊಂಡು ಹೀಗೇ ಓಡಿಸಬಹುದಾ? ಯಾರ ಮಾತು ನಂಬಲಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಕಾರಿನಲ್ಲಿ ಇರುವುದು ಒಂದು ತೊಂದರೆ ಅಲ್ಲ, ಎರಡು. ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದಿವೆ. ಡ್ಯಾಶ್‌ಬೋರ್ಡಿನಲ್ಲಿ ಕಾಣುವುದು ಒಂದೇ ಹಳದಿ ಲೈಟ್. ಹಾಗಾಗಿ ನೋಡಿದವರೆಲ್ಲ ಎಲ್ಲದಕ್ಕೂ ಸೇರಿ ಒಂದೇ ಕಾರಣ ಹುಡುಕಿದ್ದಾರೆ. ಮೂರು ಜನ ಮೂರು ಪಾರ್ಟ್ ಹೇಳಿದ್ದು ಅದಕ್ಕೇ. ಇಲ್ಲಿಯವರೆಗೆ ಆಗಿರುವ ರಿಪೇರಿ ಮಾತ್ರ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಿದೆ.

ಬಿಸಿಯಾದಾಗ ನಿಲ್ಲುವುದು ಒಂದು ಕಥೆ. ಬೆಳಗಿನ ಕಟಕಟ ಮತ್ತು ಆ ಎರಡು ಕೋಡ್ ಇನ್ನೊಂದು ಕಥೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಹೋಗುತ್ತದೆ ಅಂತ ಕಾಯಬೇಡಿ.

ಕೋಡ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಗ್ಯಾರೇಜಿನಲ್ಲಿ ಕೆಲಸ ಮಾಡುವವರಲ್ಲೂ ಇದೆ. ಕೋಡ್ ಅಂದರೆ ಕೆಟ್ಟ ಪಾರ್ಟಿನ ಹೆಸರು ಅಂದುಕೊಳ್ಳುತ್ತಾರೆ. ಅಲ್ಲ. ಇಸಿಯುಗೆ ಯಾವ ಲೆಕ್ಕ ತಾಳೆ ಆಗಲಿಲ್ಲ ಎನ್ನುವುದನ್ನು ಮಾತ್ರ ಕೋಡ್ ಹೇಳುತ್ತದೆ. ಪಿ0341 ಅಂದರೆ ಕ್ಯಾಮ್ ಸೆನ್ಸರಿನಿಂದ ಸಿಗ್ನಲ್ ಬರುತ್ತಿದೆ, ಆದರೆ ಬರಬೇಕಾದ ರೀತಿಯಲ್ಲಿ ಬರುತ್ತಿಲ್ಲ ಎಂದು. ಪಿ0016 ಅಂದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿಗೂ, ವಾಲ್ವ್‌ಗಳನ್ನು ತೆರೆಯುವ ಕ್ಯಾಮಿಗೂ ಇರಬೇಕಾದ ಹೊಂದಾಣಿಕೆ ತಪ್ಪಿದೆ ಎಂದು. ಸೆನ್ಸರಿನ ಸರ್ಕ್ಯೂಟೇ ಕೆಲಸ ಮಾಡುತ್ತಿಲ್ಲ ಅನ್ನುವುದಕ್ಕೆ ಬೇರೆ ಕೋಡ್‌ಗಳಿವೆ, ಕ್ಯಾಮಿಗೆ ಪಿ0340, ಕ್ರ್ಯಾಂಕಿಗೆ ಪಿ0335. ನಿಮ್ಮದರಲ್ಲಿ ಮೊದಲು ಬಂದದ್ದು 0340 ಅಲ್ಲ, 0341. ಒಂದೇ ಅಂಕಿಯ ವ್ಯತ್ಯಾಸ, ಆದರೆ ಅರ್ಥ ಬೇರೆ. ಸೆನ್ಸರ್ ಸತ್ಯವನ್ನೇ ಹೇಳಿರಬಹುದು. ಸುದ್ದಿ ತಂದವನನ್ನೇ ಕೆಲಸದಿಂದ ತೆಗೆದು ಹೊಸಬನನ್ನು ಇಟ್ಟಿದ್ದಾರೆ, ಅವನೂ ಹತ್ತು ದಿನ ಬಿಟ್ಟು ಅದೇ ಸುದ್ದಿ ತಂದಿದ್ದಾನೆ.

ಆ ಹತ್ತು ದಿನ ಯಾಕೆ ಸರಿ ಇತ್ತು ಅನ್ನುತ್ತೀರಾ? ಸೆನ್ಸರ್ ಹಾಕಿದ ಮೇಲೆ ಕೋಡ್ ಅಳಿಸಿರುತ್ತಾರೆ. ಇಂಥ ಎಷ್ಟೋ ತಪ್ಪುಗಳಿಗೆ ಇಸಿಯು ಒಂದೇ ಸಲಕ್ಕೆ ಲೈಟ್ ಹಾಕುವುದಿಲ್ಲ. ಒಂದು ಓಟದಲ್ಲಿ ಕಂಡರೆ ಒಳಗೇ ಗುರುತು ಹಾಕಿಕೊಂಡು, ಮತ್ತೊಂದು ಓಟದಲ್ಲೂ ಕಂಡರೆ ಆಗ ಲೈಟ್ ಹಾಕುತ್ತದೆ. ತಪ್ಪು ಗಡಿಯ ಹತ್ತಿರ ಆಚೆ ಈಚೆ ಆಡುತ್ತಿದ್ದರೆ ಇನ್ನೂ ಕೆಲವು ದಿನ ಹಿಡಿಯುತ್ತದೆ. ಲೈಟ್ ಇಲ್ಲದ ದಿನಗಳನ್ನು ರಿಪೇರಿ ಅಂತ ಲೆಕ್ಕ ಹಾಕಬೇಡಿ.

ಈಗ ಈ ಎರಡು ಸೆನ್ಸರ್ ಮಾಡುವ ಕೆಲಸ ಸ್ವಲ್ಪ ನೋಡೋಣ. ಇದು ಅರ್ಥವಾದರೆ ಮುಂದಿನದು ಸಲೀಸು.

ಕ್ರ್ಯಾಂಕ್ ಶಾಫ್ಟಿನ ಜೊತೆ ಹಲ್ಲಿನ ಚಕ್ರ ಒಂದು ತಿರುಗುತ್ತಿರುತ್ತದೆ. ಬಹಳ ಎಂಜಿನ್‌ಗಳಲ್ಲಿ ಅದರ ಸುತ್ತ 60 ಹಲ್ಲಿಗೆ ಜಾಗ, ಹಲ್ಲು ಇರುವುದು 58. ಎರಡು ಹಲ್ಲನ್ನು ಬೇಕೆಂದೇ ಬಿಟ್ಟಿರುತ್ತಾರೆ. ಒಂದೊಂದು ಹಲ್ಲಿಗೆ 6 ಡಿಗ್ರಿ. ಸೆನ್ಸರ್ ಅದರ ಮುಂದೆ ಒಂದು ಮಿಲಿಮೀಟರ್ ಆಸುಪಾಸಿನ ಸಂದು ಬಿಟ್ಟು ಕೂತಿರುತ್ತದೆ. ಹಲ್ಲು ದಾಟಿದಾಗೆಲ್ಲ ಒಂದು ಮಿಡಿತ. ಎಂಜಿನ್ ಐಡಲ್‌ನಲ್ಲಿ 750 ಆರ್‌ಪಿಎಂ ಇದ್ದರೆ ಸೆಕೆಂಡಿಗೆ 725 ಮಿಡಿತ. ಖಾಲಿ ಜಾಗ ಬಂದಾಗ ಇಸಿಯುಗೆ ಗೊತ್ತಾಗುತ್ತದೆ, ಕ್ರ್ಯಾಂಕ್ ಇಂಥ ಜಾಗದಲ್ಲಿದೆ ಅಂತ. ಸ್ಪಾರ್ಕ್ ಯಾವಾಗ, ಪೆಟ್ರೋಲ್ ಯಾವಾಗ ಅನ್ನುವುದೆಲ್ಲ ಈ ಎಣಿಕೆಯ ಮೇಲೆ ನಿಂತಿದೆ.

ಆದರೆ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ತಿರುಗುವುದು ಒಂದೇ ಸುತ್ತು. ಹಾಗಾಗಿ ಪಿಸ್ಟನ್ ಮೇಲೆ ಬಂದಿದೆ ಅಂತ ಕ್ರ್ಯಾಂಕ್ ಸೆನ್ಸರ್ ಹೇಳಬಹುದು, ಅದು ಕಂಪ್ರೆಶನ್ನಿಗೆ ಬಂದಿದೆಯಾ ಇಲ್ಲಾ ಎಕ್ಸಾಸ್ಟಿಗೆ ಬಂದಿದೆಯಾ ಅಂತ ಹೇಳಲಾರದು. ಅದನ್ನು ಹೇಳುವುದು ಕ್ಯಾಮ್ ಸೆನ್ಸರ್. ಓಡುತ್ತಿರುವಾಗ ಕ್ಯಾಮ್ ಸಿಗ್ನಲ್ ಹೋದರೂ ಬಹಳಷ್ಟು ಎಂಜಿನ್‌ಗಳು ಕ್ರ್ಯಾಂಕ್ ಲೆಕ್ಕದಲ್ಲೇ ಓಡುತ್ತಿರುತ್ತವೆ. ಮುಂದಿನ ಸಲ ಸ್ಟಾರ್ಟ್ ಆಗಲು ಸ್ವಲ್ಪ ಜಾಸ್ತಿ ಸೆಲ್ಫ್ ತಗೊಳ್ಳಬಹುದು, ಅಷ್ಟೇ. ಕ್ರ್ಯಾಂಕ್ ಸಿಗ್ನಲ್ ಹೋದರೆ ಹಾಗಲ್ಲ. ಸಾಮಾನ್ಯವಾಗಿ ಆ ಕ್ಷಣವೇ ಎಂಜಿನ್ ನಿಲ್ಲುತ್ತದೆ. ಎಂಜಿನ್ ತಿರುಗುತ್ತಿರುವುದೇ ಇಸಿಯುಗೆ ಗೊತ್ತಾಗುವುದಿಲ್ಲ, ಸ್ಪಾರ್ಕೂ ಇಲ್ಲ, ಪೆಟ್ರೋಲೂ ಇಲ್ಲ.

ನಿಮ್ಮ ಮೊದಲ ಕಥೆ ಇದೇ ಇರಬೇಕು. ಅರ್ಧ ಗಂಟೆಗೆ ಆಫ್, ಇಪ್ಪತ್ತು ನಿಮಿಷ ತಣ್ಣಗಾದ ಮೇಲೆ ಸ್ಟಾರ್ಟ್. ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಸೋಲುವ ರೀತಿ ಹೀಗೇ ಇರುತ್ತದೆ. ಕೆಲವು ಸೆನ್ಸರ್‌ಗಳ ಒಳಗೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸುತ್ತಿರುತ್ತಾರೆ. ವರ್ಷಗಟ್ಟಲೆ ಬಿಸಿ, ತಂಪು, ನಡುಕ ತಿಂದು ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ತಣ್ಣಗಿದ್ದಾಗ ತುದಿಗಳು ತಾಗಿಕೊಂಡಿರುತ್ತವೆ. ಬಿಸಿಯಾಗಿ ಹಿಗ್ಗಿದಾಗ ಬಿಟ್ಟುಕೊಳ್ಳುತ್ತವೆ. ಚಿಪ್ ಇರುವ ಸೆನ್ಸರ್ ಆದರೆ ಒಳಗಿನ ಬೆಸುಗೆ ಅಥವಾ ಚಿಪ್ಪೇ ಬಿಸಿಗೆ ಕೈಕೊಡುತ್ತದೆ.

ಕ್ರ್ಯಾಂಕ್ ಸೆನ್ಸರ್ ಕೆಟ್ಟಿದ್ದರೆ ಅದರದ್ದೇ ಕೋಡ್ ಬರಬೇಕಲ್ವಾ ಅಂತ ನೀವು ಕೇಳಬಹುದು. ಬರಲೇಬೇಕೆಂದೇನೂ ಇಲ್ಲ. ಸಿಗ್ನಲ್ ಪೂರ್ತಿ ನಿಂತಾಗ ಇಸಿಯು ಕಣ್ಣಿಗೆ ಅದು ಎಂಜಿನ್ ನಿಂತಂತೆಯೇ ಕಾಣುತ್ತದೆ. ಎಂಜಿನ್ ನಿಲ್ಲುವುದು ತಪ್ಪೇನಲ್ಲವಲ್ಲ! ಕ್ಯಾಮ್ ಮಿಡಿಯುತ್ತಿದೆ, ಕ್ರ್ಯಾಂಕ್ ಮಿಡಿಯುತ್ತಿಲ್ಲ ಎಂದು ಗಮನಿಸುವಷ್ಟು ಹೊತ್ತು ಸೆಲ್ಫ್ ಹೊಡೆದರೆ ಕೋಡ್ ಬರಬಹುದು. ಎರಡು ಸಲ ಹೊಡೆದು ಬಿಟ್ಟರೆ ಬರದೇ ಇರಬಹುದು. ಬಿಸಿಗೆ ನಿಂತ ಎಷ್ಟೋ ಗಾಡಿಗಳು ಒಂದೂ ಕೋಡ್ ಇಲ್ಲದೆ ನನ್ನ ಮುಂದೆ ಬಂದು ನಿಂತಿವೆ.

ಫ್ಯೂಯಲ್ ಪಂಪ್ ಅಂದವರನ್ನು ನಾನು ಬೈಯುವುದಿಲ್ಲ. ಅವರೂ ಕಣ್ಣಿಗೆ ಕಂಡದ್ದನ್ನೇ ಹೇಳಿದ್ದಾರೆ. ನಿಂತ ಗಾಡಿಯಲ್ಲಿ ಸೆಲ್ಫ್ ಹೊಡೆದು ಕಿವಿ ಕೊಟ್ಟರೆ ಪಂಪ್ ಓಡುವ ಸದ್ದು ಇರುವುದಿಲ್ಲ. ಆದರೆ ಪಂಪ್ ಓಡಬೇಕಾದರೆ ಮೊದಲು ಎಂಜಿನ್ ತಿರುಗುತ್ತಿದೆ ಅಂತ ಇಸಿಯುಗೆ ಗೊತ್ತಾಗಬೇಕು. ಕ್ರ್ಯಾಂಕ್ ಸಿಗ್ನಲ್ ಇಲ್ಲದಿದ್ದರೆ ಇಸಿಯು ಪಂಪಿನ ರಿಲೇಯನ್ನೇ ಬಿಟ್ಟುಬಿಡುತ್ತದೆ. ಕೀ ಆನ್ ಮಾಡಿದಾಗ ಎರಡು ಸೆಕೆಂಡ್ ಗುಂಯ್ ಅಂದು ಸುಮ್ಮನಾಗುತ್ತದೆ, ಅಷ್ಟೇ. ನಾನೇ ಒಂದು ಸಲ ಇದರಲ್ಲಿ ಬಿದ್ದಿದ್ದೇನೆ. ಕೆಲಸ ಶುರು ಮಾಡಿದ ಕಾಲದಲ್ಲಿ ಒಂದು ಗಾಡಿಗೆ ಟ್ಯಾಂಕ್ ಇಳಿಸಿ ಹೊಸ ಪಂಪ್ ಹಾಕಿ ಕಳಿಸಿದೆ. ಮೂರನೇ ದಿನ ಅದೇ ಗಾಡಿ ಹಗ್ಗ ಕಟ್ಟಿಸಿಕೊಂಡು ವಾಪಸ್ ಬಂತು. ಬಾನೆಟ್ ಎತ್ತಿ ಕೂತಿದ್ದಾಗ ಯಾಕೋ ಅನುಮಾನ ಬಂದು ಕ್ರ್ಯಾಂಕ್ ಸೆನ್ಸರ್ ಮೇಲೆ ಒದ್ದೆ ಬಟ್ಟೆ ಸುತ್ತಿಟ್ಟೆ. ಐದು ನಿಮಿಷಕ್ಕೆ ಸ್ಟಾರ್ಟ್ ಆಯಿತು. ಗಾಡಿಯ ಮಾಲೀಕರು ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

ಇದನ್ನು ನೀವೇ ಪತ್ತೆ ಮಾಡುವ ಒಂದು ದಾರಿ ಇದೆ, ಸ್ಪ್ಯಾನರ್ ಕೂಡ ಬೇಡ. ಮುಂದಿನ ಸಲ ಓಡುತ್ತಿರುವಾಗ ಆಫ್ ಆದರೆ ಆರ್‌ಪಿಎಂ ಮುಳ್ಳಿನ ಮೇಲೆ ಒಂದು ಕಣ್ಣು ಹಾಯಿಸಿ. ಗಾಡಿ ಇನ್ನೂ ಗೇರಿನಲ್ಲಿದೆ, ಕ್ಲಚ್ ಒತ್ತಿಲ್ಲ ಅಂದರೆ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ಎಂಜಿನ್ ತಿರುಗುತ್ತಿದ್ದರೂ ಮುಳ್ಳು ದಬಕ್ಕನೆ ಸೊನ್ನೆಗೆ ಬಿದ್ದರೆ ಕ್ರ್ಯಾಂಕ್ ಸಿಗ್ನಲ್ ಹೋಯಿತು ಅಂತ ಅರ್ಥ. ಗಾಡಿ ನಿಧಾನವಾಗುತ್ತಾ ಹೋದಂತೆ ಮುಳ್ಳೂ ಮೆಲ್ಲಗೆ ಇಳಿದರೆ ಸಿಗ್ನಲ್ ಇದೆ, ಪೆಟ್ರೋಲ್ ಕಡೆ ಅಥವಾ ಸ್ಪಾರ್ಕ್ ಕಡೆ ಹುಡುಕಬೇಕು. ಮುಂದೆ ರಸ್ತೆ ಖಾಲಿ ಇದ್ದರೆ ಮಾತ್ರ ನೋಡಿ, ರಸ್ತೆ ಬಿಟ್ಟು ಮುಳ್ಳು ನೋಡುತ್ತಾ ಕೂರಬೇಡಿ. ಎಂಜಿನ್ ನಿಂತಾಗ ಸ್ಟೀರಿಂಗ್ ಗಟ್ಟಿಯಾಗುತ್ತದೆ. ಬ್ರೇಕ್ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲದ ಬ್ರೇಕಿಗೆ ಬರುತ್ತದೆ, ಪದೇ ಪದೇ ಪಂಪ್ ಮಾಡಿ ಅದನ್ನು ಕಳೆದುಕೊಳ್ಳಬೇಡಿ. ಗಾಡಿ ಪೂರ್ತಿ ನಿಲ್ಲುವವರೆಗೆ ಕೀ ಹೊರಗೆ ತೆಗೆಯಲೇಬೇಡಿ, ಸ್ಟೀರಿಂಗ್ ಲಾಕ್ ಆಗಿಬಿಡುತ್ತದೆ.

ಎರಡನೆಯ ದಾರಿಗೆ ಸ್ಕ್ಯಾನರ್ ಬೇಕು. ಫೋನಿಗೆ ಜೋಡಿಸುವ ಸಣ್ಣದಾದರೂ ನಡೆಯುತ್ತದೆ. ಗಾಡಿ ನಿಂತು ಸ್ಟಾರ್ಟ್ ಆಗದೆ ಇರುವಾಗಲೇ ಜೋಡಿಸಿ, ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ನೋಡಬೇಕು. ಒಳ್ಳೆ ಬ್ಯಾಟರಿ ಇದ್ದರೆ 200ರ ಆಸುಪಾಸು ತೋರಿಸಬೇಕು. ಎಂಜಿನ್ ತಿರುಗುತ್ತಿದೆ, ಪರದೆಯಲ್ಲಿ ಸೊನ್ನೆ ಇದೆ ಅಂದರೆ ಸೆನ್ಸರ್, ಅದರ ವೈರ್ ಅಥವಾ ಕನೆಕ್ಟರ್, ಈ ಮೂರರಲ್ಲಿ ಒಂದು. ತಣ್ಣಗಾಗಿ ಸ್ಟಾರ್ಟ್ ಆದ ಮೇಲೆ ಗ್ಯಾರೇಜಿಗೆ ಹೋಗಿ ಸ್ಕ್ಯಾನ್ ಮಾಡಿಸಿದರೆ ಎಲ್ಲ ಸರಿ ಇದೆ ಅಂತಲೇ ತೋರಿಸುತ್ತದೆ. ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ಇಟ್ಟ ಹಾಗೆ.

ಮಲ್ಟಿಮೀಟರ್ ಇರುವ ಮೆಕ್ಯಾನಿಕ್ ಸೆನ್ಸರಿನ ಓಮ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ನೋಡುತ್ತೇನೆ ಅನ್ನಬಹುದು. ಎರಡು ವೈರಿನ ಸೆನ್ಸರ್ ಆದರೆ ನೋಡಲಿ. ಆದರೆ ಇಲ್ಲೂ ಒಂದು ಮೋಸ ಇದೆ. ತಾಮ್ರ ಬಿಸಿಯಾದರೆ ಅದರ ಓಮ್ಸ್ ಏರುವುದು ಸಹಜ, ಒಂದು ಡಿಗ್ರಿಗೆ ಶೇಕಡಾ 0.4ರಷ್ಟು. 20 ಡಿಗ್ರಿಯಲ್ಲಿ 800 ತೋರಿಸಿದ ಒಳ್ಳೆಯ ಸೆನ್ಸರ್ 80 ಡಿಗ್ರಿಯಲ್ಲಿ 990 ತೋರಿಸುತ್ತದೆ. ಅದನ್ನು ನೋಡಿ ಹೋಗಿದೆ ಅನ್ನಬಾರದು. ಬಿಸಿ ಗಾಳಿ ಬಿಡುತ್ತಾ ನೋಡಬೇಕು, ಅಂಕಿ ನಿಧಾನ ಏರುತ್ತಿದ್ದದ್ದು ಒಮ್ಮೆಲೇ ಹಾರಿ ಓಪನ್ ತೋರಿಸಿತು ಅಂದರೆ ಅದು ಹೋಗಿದೆ. ಮೂರು ವೈರಿನದು ಆದರೆ ಬಹುಪಾಲು ಹಾಲ್ ಸೆನ್ಸರ್, ಒಳಗೆ ಚಿಪ್ ಇರುತ್ತದೆ, ಅದಕ್ಕೆ ಓಮ್ಸ್ ನೋಡುವುದು ದಂಡ. ಅದರಲ್ಲಿ 5 ಅಥವಾ 12 ವೋಲ್ಟ್ ಸಪ್ಲೈ ಬರುತ್ತಿದೆಯಾ, ಅರ್ತ್ ಸರಿಯಾಗಿದೆಯಾ, ಚಕ್ರ ತಿರುಗಿದಾಗ ಸಿಗ್ನಲ್ ವೈರ್ ಮೇಲೆ ಕೆಳಗೆ ಆಡುತ್ತಿದೆಯಾ ಅಂತ ನೋಡಬೇಕು. ಇಸಿಯುವಿನಿಂದ ಬರುವ ವೈರಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಹಚ್ಚುವವರು ಇನ್ನೂ ಇದ್ದಾರೆ. ಹಾಗೆ ಮಾಡದಂತೆ ಅವರನ್ನು ತಡೆಯಿರಿ.

ಸೆನ್ಸರ್ ಬಿಚ್ಚಿದಾಗ ಅದರ ಮೂತಿ ನೋಡಿ. ಮ್ಯಾಗ್ನೆಟ್ ಇರುವುದರಿಂದ ಕಬ್ಬಿಣದ ಪುಡಿ ಅಂಟಿಕೊಂಡಿರುತ್ತದೆ. ಸ್ವಲ್ಪ ಮಸಿಯಂಥದ್ದು ಇದ್ದರೆ ಒರೆಸಿದರಾಯಿತು. ಮುಳ್ಳುಮುಳ್ಳಾಗಿ ಜಾಸ್ತಿ ಇದ್ದರೆ ಆ ಪುಡಿ ಎಲ್ಲಿಂದ ಬಂತು ಅಂತ ಹುಡುಕಬೇಕು. ಪೆಟ್ರೋಲಿನಲ್ಲಿ ತೊಳೆದು ಹಾಕಿದರೆ ಸೆನ್ಸರ್ ಸರಿಹೋಗುತ್ತದೆ ಅನ್ನುವ ಮಾತಿದೆ. ಮೂತಿಯ ಕೊಳೆ ಹೋಗುತ್ತದೆ, ಒಳಗಿನ ತಂತಿಯ ಬಿರುಕು ಹೋಗುವುದಿಲ್ಲ. ಕನೆಕ್ಟರ್ ಒಳಗೆ ಆಯಿಲ್ ಇದೆಯಾ ಅಂತಲೂ ನೋಡಿ. ಓ ರಿಂಗ್ ಗಟ್ಟಿಯಾಗಿ ಆಯಿಲ್ ಜಿನುಗಿ ಪಿನ್ನುಗಳ ಮೇಲೆ ಕೂರುತ್ತದೆ.

ಇನ್ನು ಎರಡನೆಯ ಕಥೆ. ಇದು ನಿಧಾನದ್ದು, ಆದರೆ ದೊಡ್ಡದು.

ಬೆಳಗಿನ ಎರಡು ಮೂರು ಸೆಕೆಂಡಿನ ಕಟಕಟ, ಜೊತೆಗೆ 0341, ಆಮೇಲೆ 0016. ಈ ಮೂರನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಟೈಮಿಂಗ್ ಚೈನ್ ಅಂದವರ ಮಾತಿನಲ್ಲಿ ಅರ್ಥ ಇದೆ. ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಚೈನ್ ಅದು. ಚೈನ್ ಹಿಗ್ಗಿದೆ ಅನ್ನುತ್ತೇವಲ್ಲ, ಕಬ್ಬಿಣ ರಬ್ಬರಿನ ಹಾಗೆ ಉದ್ದ ಆಗುವುದಲ್ಲ ಅದು. ಚೈನಿನ ಒಂದೊಂದು ಕೊಂಡಿಯಲ್ಲೂ ಪಿನ್ ಇರುತ್ತದೆ. ಪಿನ್ ಕೂದಲೆಳೆಯಷ್ಟೂ ಸವೆಯಬೇಕಾಗಿಲ್ಲ. ನೂರಕ್ಕೂ ಜಾಸ್ತಿ ಕೊಂಡಿಗಳ ಸಣ್ಣ ಸಣ್ಣ ಸವಕಲು ಸೇರಿದರೆ ಒಟ್ಟು ಉದ್ದ ಕೆಲವು ಮಿಲಿಮೀಟರ್ ಜಾಸ್ತಿ ಆಗುತ್ತದೆ. ಆ ಸಡಿಲವನ್ನು ಟೆನ್ಷನರ್ ಎಳೆದು ಹಿಡಿಯುತ್ತದೆ. ಅದು ಕೆಲಸ ಮಾಡುವುದು ಆಯಿಲ್ ಪ್ರೆಶರಿನ ಮೇಲೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಪ್ರೆಶರ್ ಇಳಿದಿರುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ತಲುಪುವ ತನಕ ಚೈನ್ ತನ್ನನ್ನು ದಾರಿಯಲ್ಲಿ ಹಿಡಿದಿಡುವ ಪಟ್ಟಿಗೆ, ಅಂದರೆ ಗೈಡಿಗೆ, ಬಡಿಯುತ್ತದೆ. ನೀವು ಕೇಳುವ ಸದ್ದು ಅದು. ಸವೆದ ಚೈನಿನಿಂದ ಕ್ಯಾಮ್ ಸಾಮಾನ್ಯವಾಗಿ ಹಿಂದೆ ಬೀಳುತ್ತದೆ, ಇಸಿಯು ಅದನ್ನು ಒಂದಷ್ಟು ಡಿಗ್ರಿವರೆಗೆ ಸಹಿಸಿಕೊಂಡು ಆಮೇಲೆ ಕೋಡ್ ಹಾಕುತ್ತದೆ.

ಚೈನ್ ಎಂಜಿನ್ ಇರುವವರೆಗೂ ಬರುತ್ತದೆ, ಬೆಲ್ಟಿನ ಹಾಗೆ ಬದಲಾಯಿಸುವುದೇ ಬೇಡ ಅನ್ನುವುದು ಪುಸ್ತಕದ ಮಾತು. ಸರಿಯಾದ ಆಯಿಲ್, ಸರಿಯಾದ ಹೊತ್ತಿಗೆ ಬದಲಾಗುತ್ತಿದ್ದರೆ ಎಷ್ಟೋ ಎಂಜಿನ್‌ಗಳಲ್ಲಿ ಅದು ನಿಜವೂ ಹೌದು. ಆಯಿಲ್ ಕೊಳೆಯಾದರೆ ಪಿನ್ನುಗಳ ನಡುವೆ ಅದೇ ಉಜ್ಜುಕಾಗದ ಆಗುತ್ತದೆ.

ಹಾಗಂತ ಪಿ0016 ಕಂಡ ಕೂಡಲೇ ಚೈನ್ ಕಿಟ್‌ಗೆ ಆರ್ಡರ್ ಕೊಡಬೇಡಿ. ಇದೇ ಕೋಡಿಗೆ ಇನ್ನೊಂದು ಕಾರಣ ಇದೆ. ನಿಮ್ಮ ಎಂಜಿನ್ನಿನಲ್ಲಿ ವಾಲ್ವ್ ಟೈಮಿಂಗ್ ಓಡುತ್ತಲೇ ಹಿಂದೆ ಮುಂದೆ ಆಗುವ ವ್ಯವಸ್ಥೆ ಇದ್ದರೆ, ವಿವಿಟಿ ಅನ್ನುತ್ತೇವಲ್ಲ, ಅದರ ಆಯಿಲ್ ಕಂಟ್ರೋಲ್ ವಾಲ್ವ್ ಅಥವಾ ಕ್ಯಾಮನ್ನು ಹಿಂದೆ ಮುಂದೆ ತಿರುಗಿಸುವ, ಅದರ ತುದಿಯ ಫೇಸರ್ ಸಿಕ್ಕಿಕೊಂಡರೂ ಕ್ಯಾಮ್ ತಪ್ಪು ಜಾಗದಲ್ಲಿ ನಿಲ್ಲುತ್ತದೆ. ಇದು ಆಯಿಲ್ ಪ್ರೆಶರಿನಲ್ಲೇ ಆಡುವ ಯಂತ್ರ. ಆಯಿಲ್ ಕಡಿಮೆ ಇದ್ದರೂ, ದಪ್ಪ ಗ್ರೇಡ್ ಹಾಕಿದ್ದರೂ, ಒಳಗಿನ ಸಣ್ಣ ಜಾಲರಿ ಕಟ್ಟಿಕೊಂಡಿದ್ದರೂ ಹಟ ಮಾಡುತ್ತದೆ. ಕಟಕಟ ಕಡಿಮೆಯಾಗಲಿ ಅಂತ ದಪ್ಪ ಆಯಿಲ್ ಹಾಕುವ ಸಲಹೆ ನಿಮಗೂ ಯಾರಾದರೂ ಕೊಟ್ಟಿರುತ್ತಾರೆ. ಬೇಡ. ದಪ್ಪ ಆಯಿಲ್ ಬೆಳಿಗ್ಗೆ ಟೆನ್ಷನರ್ ತಲುಪುವುದು ಇನ್ನೂ ತಡವಾಗುತ್ತದೆ.

ಹಾಗಾಗಿ ಮೊದಲ ಕೆಲಸ ಡಿಪ್‌ಸ್ಟಿಕ್ ಎಳೆದು ನೋಡುವುದು. ನಗಬೇಡಿ, ಆಯಿಲ್ ಒಂದು ಲೀಟರ್ ಕಡಿಮೆ ಇದ್ದ ಗಾಡಿಗೆ ಎಂಜಿನ್ ಬಿಚ್ಚಲು ಹೊರಟವರನ್ನು ನೋಡಿದ್ದೇನೆ. ಆಮೇಲೆ ಸ್ಕ್ಯಾನರಿನಲ್ಲಿ ಫ್ರೀಜ್ ಫ್ರೇಮ್ ನೋಡಲಿ. ಕೋಡ್ ಬಿದ್ದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು, ಲೋಡ್ ಎಷ್ಟಿತ್ತು ಅನ್ನುವುದು ಅದರಲ್ಲಿ ಇರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಪ್ರತಿ ಸಲ ಅಳಿಸಿಕೊಂಡು ಓಡಿಸುವುದು ಬೇಡ ಅನ್ನುವುದಕ್ಕೆ ಇದೇ ದೊಡ್ಡ ಕಾರಣ, ಕಳ್ಳನ ಹೆಜ್ಜೆ ಗುರುತನ್ನು ನಾವೇ ಗುಡಿಸಿ ಹಾಕಿದ ಹಾಗೆ. ಬಿಸಿ ಐಡಲ್‌ನಲ್ಲಿ ಮಾತ್ರ ಬೀಳುತ್ತಿದ್ದರೆ ನನ್ನ ಅನುಮಾನ ಮೊದಲು ಆಯಿಲ್ ಪ್ರೆಶರ್ ಮತ್ತು ಫೇಸರ್ ಕಡೆ ಹೋಗುತ್ತದೆ. ಹೊತ್ತುಗೊತ್ತಿಲ್ಲದೆ ಎಲ್ಲ ಆರ್‌ಪಿಎಂನಲ್ಲೂ ಬಿದ್ದರೆ ಚೈನ್ ಕಡೆ.

ಇವೆರಡನ್ನು ಬೇರೆ ಮಾಡುವ ಒಂದು ಸುಲಭ ಪರೀಕ್ಷೆ ಇದೆ. ಐಡಲ್‌ನಲ್ಲಿ ಇರುವಾಗ ಆಯಿಲ್ ಕಂಟ್ರೋಲ್ ವಾಲ್ವಿನ ಕನೆಕ್ಟರ್ ಕೀಳಬೇಕು. ಫೇಸರ್ ಆಗ ತನ್ನ ಮೂಲ ಜಾಗಕ್ಕೆ ಬಂದು ಕೂರಬೇಕು. ಇದರಿಂದ ಇನ್ನೊಂದು ಕೋಡ್ ಬರುತ್ತದೆ, ಅದಕ್ಕೆ ಹೆದರಬೇಡಿ. ಹಾಗೆ ಮೂಲ ಜಾಗಕ್ಕೆ ಬಂದ ಮೇಲೂ ಕ್ರ್ಯಾಂಕ್ ಕ್ಯಾಮ್ ವ್ಯತ್ಯಾಸ ಹಾಗೇ ಇದ್ದರೆ ಚೈನ್ ಸವೆದಿದೆ, ಹಲ್ಲು ಹಾರಿದೆ, ಅಥವಾ ಫೇಸರೇ ಜಾಮ್ ಆಗಿದೆ. ಸರಿಹೋದರೆ ತೊಂದರೆ ವಿವಿಟಿ ಕಡೆಯದು. ಸಿಗ್ನಲ್‌ಗಳನ್ನು ಅಲೆಗಳಾಗಿ ತೋರಿಸುವ ಆಸಿಲೋಸ್ಕೋಪ್ ಇರುವವರಾದರೆ ಇನ್ನೂ ಸಲೀಸು. ಎರಡೂ ಸೆನ್ಸರಿನ ಅಲೆಗಳನ್ನು ಒಂದೇ ಪರದೆಯಲ್ಲಿ ತಂದು, ಅದೇ ಎಂಜಿನ್ನಿನ ಸರಿಯಾದ ಚಿತ್ರದ ಪಕ್ಕ ಇಟ್ಟು, ಖಾಲಿ ಹಲ್ಲಿನಿಂದ ಕ್ಯಾಮಿನ ಅಂಚಿಗೆ ಎಷ್ಟು ಹಲ್ಲು ಅಂತ ಬೆರಳಿಟ್ಟು ಎಣಿಸಬಹುದು. ಒಂದು ಬೋಲ್ಟ್ ಕೂಡ ಬಿಚ್ಚಬೇಕಿಲ್ಲ. ಹೀಗೆ ಎಣಿಸಿ ತೋರಿಸುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ.

ಹಲ್ಲು ಹಾರುವುದು ಅಂದೆನಲ್ಲ, ಅದರ ಲೆಕ್ಕ ನೋಡಿ. ಕ್ರ್ಯಾಂಕಿನ ಸ್ಪ್ರಾಕೆಟ್ಟಿಗೆ 20 ಹಲ್ಲು ಇದ್ದರೆ ಚೈನ್ ಒಂದು ಹಲ್ಲು ಹಾರಿದಾಗ ಟೈಮಿಂಗ್ 18 ಡಿಗ್ರಿ ತಪ್ಪುತ್ತದೆ. ಎಂಜಿನ್ ಓಡುತ್ತದೆ, ಪಿಕಪ್ ಇರುವುದಿಲ್ಲ, ಐಡಲ್ ನಡುಗುತ್ತದೆ. ಕ್ಯಾಮ್ ಹಿಂದೆ ಬಿದ್ದಿದ್ದರೆ ಇನ್‌ಟೇಕ್ ವ್ಯಾಕ್ಯೂಮ್ ಇಳಿಯುತ್ತದೆ, ಎಲ್ಲ ಸಿಲಿಂಡರಿನ ಕಂಪ್ರೆಶನ್ ಸಮನಾಗಿ ಕಡಿಮೆ ಬರುತ್ತದೆ. ನಿಮ್ಮ ಪತ್ರದಲ್ಲಿ ಪಿಕಪ್ ಇಳಿದ ಮಾತೇ ಇಲ್ಲ, ಹಾಗಾಗಿ ಹಲ್ಲು ಹಾರಿರಲಾರದು. ಇನ್ನೂ ಜಾಸ್ತಿ ಹಾರಿದರೆ ತೆರೆದ ವಾಲ್ವಿಗೆ ಪಿಸ್ಟನ್ ಬಂದು ಗುದ್ದುತ್ತದೆ. ಎಲ್ಲ ಎಂಜಿನ್ನಿನಲ್ಲೂ ಹಾಗಾಗುವುದಿಲ್ಲ, ಆದರೆ ಈಗಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಬಹಳಷ್ಟು ಆ ಜಾತಿಯವು. ಗುದ್ದಿದರೆ ವಾಲ್ವ್ ಬಾಗಿ ಹೆಡ್ ಕೆಲಸ.

ಇಸಿಯು ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಹಾಳಾಗುವುದು ಅಪರೂಪ, ಹಾಳಾಗಿದೆ ಅನ್ನಿಸಿಕೊಳ್ಳುವುದು ಮಾತ್ರ ದಿನವೂ. ಇಸಿಯು ಅಂದವರಿಗೆ ಒಂದೇ ಪ್ರಶ್ನೆ ಕೇಳಿ: ಬ್ಯಾಟರಿ, ಅರ್ತ್ ಮತ್ತು 5 ವೋಲ್ಟ್ ನೋಡಿದ್ದೀರಾ? ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು. ಎಂಜಿನ್ನಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಆಗ 0.2 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಪಟ್ಟಿ ಸರಿ ಇಲ್ಲ. ಇನ್ನು ಆ 5 ವೋಲ್ಟ್ ಇಸಿಯುವಿನಿಂದ ಹಲವು ಸೆನ್ಸರಿಗೆ ಹಂಚಿಕೆ ಆಗುತ್ತದೆ. ಎಲ್ಲೋ ಮೂಲೆಯಲ್ಲಿರುವ ಸಂಬಂಧವೇ ಇಲ್ಲದ ಒಂದು ಪ್ರೆಶರ್ ಸೆನ್ಸರ್ ಶಾರ್ಟ್ ಆದರೆ ಸಾಕು, ಆ ಲೈನಿನಲ್ಲಿರುವ ಒಳ್ಳೆಯ ಸೆನ್ಸರ್‌ಗಳೂ ಸಾಲಾಗಿ ಮಲಗುತ್ತವೆ. ಆಗ ಎಲ್ಲದರ ಕೋಡ್ ಒಟ್ಟಿಗೆ ಬರುತ್ತದೆ. ನೋಡುವವರಿಗೆ ಇಸಿಯು ಹೋದ ಹಾಗೇ ಕಾಣುತ್ತದೆ.

ಸರಿ, ನೀವು ಏನು ಮಾಡಬೇಕು?

ನಾನಾಗಿದ್ದರೆ ಮೊದಲು ಕ್ರ್ಯಾಂಕ್ ಸೆನ್ಸರ್ ಪರೀಕ್ಷೆ ಮಾಡಿ, ಹೋಗಿದ್ದರೆ ಹೊಸದು ಹಾಕುತ್ತೇನೆ. ಓಡುತ್ತಿರುವ ಗಾಡಿ ರಸ್ತೆ ಮಧ್ಯೆ ಆಫ್ ಆಗುವುದು ಜೀವಕ್ಕೆ ಅಪಾಯ, ಅದು ಕಾಯುವ ಕೆಲಸವಲ್ಲ. ಪರೀಕ್ಷೆ ಮಾಡುವ ಸೌಕರ್ಯವೇ ಸಿಗದಿದ್ದರೆ, ಮುಳ್ಳು ಸೊನ್ನೆಗೆ ಬಿದ್ದದ್ದನ್ನು ನೀವು ಕಣ್ಣಾರೆ ಕಂಡಿದ್ದರೆ, ಕನೆಕ್ಟರ್ ಮತ್ತು ವೈರ್ ನೋಡಿ ಸೆನ್ಸರ್ ಹಾಕಿಸಿ ನೋಡುವುದರಲ್ಲಿ ದೊಡ್ಡ ನಷ್ಟವಿಲ್ಲ. ಇದು ಚೈನಿನ ಮುಂದೆ ಸಣ್ಣ ಕೆಲಸ. ಆದರೆ ಕಂಪನಿ ಪಾರ್ಟೇ ಹಾಕಿಸಿ. ಕಡಿಮೆ ದುಡ್ಡಿನ ಸೆನ್ಸರ್‌ಗಳಲ್ಲಿ ಸಂದು ಒಂದಿಷ್ಟು ಆಚೀಚೆ ಇರುತ್ತದೆ, ಸಿಗ್ನಲ್ ಸಣ್ಣಗೆ ಬರುತ್ತದೆ, ಆಗ ಇನ್ನೊಂದು ಸುತ್ತಿನ ತಲೆನೋವು. ಮೊನ್ನೆ ಹಾಕಿದ ಕ್ಯಾಮ್ ಸೆನ್ಸರ್ ಯಾವುದು ಅಂತಲೂ ಕೇಳಿ ತಿಳಿದುಕೊಳ್ಳಿ. ಕೆಲವು ಗಾಡಿಗಳಲ್ಲಿ ಹೊಸ ಕ್ರ್ಯಾಂಕ್ ಸೆನ್ಸರ್ ಹಾಕಿದ ಮೇಲೆ ಸ್ಕ್ಯಾನರಿನಿಂದ ರೀಲರ್ನ್ ಮಾಡಬೇಕು, ಅಂದರೆ ಹೊಸ ಸೆನ್ಸರಿನ ಸಿಗ್ನಲ್ ಅನ್ನು ಇಸಿಯುಗೆ ಕಲಿಸಬೇಕು. ಮಾಡದಿದ್ದರೆ ಗಾಡಿ ಓಡುತ್ತದೆ, ಆದರೆ ಲೈಟ್ ಮತ್ತೆ ಬರಬಹುದು.

ಎರಡನೆಯದಕ್ಕೆ ಆಯಿಲಿನಿಂದ ಶುರು ಮಾಡಿ. ಪುಸ್ತಕದಲ್ಲಿ ಬರೆದ ಗ್ರೇಡಿನ ಆಯಿಲ್, ಹೊಸ ಫಿಲ್ಟರ್, ಆಯಿಲ್ ಕಂಟ್ರೋಲ್ ವಾಲ್ವ್ ಬಿಚ್ಚಿ ಜಾಲರಿ ಸ್ವಚ್ಛ ಮಾಡುವುದು. ಕೋಡ್ ಹೋದರೆ ಗೆದ್ದಿರಿ. ಆದರೆ ಹಳೇ ಎಂಜಿನ್ನಿಗೆ ಫ್ಲಶ್, ಅಂದರೆ ಒಳಗಿನ ಕೊಳೆ ತೊಳೆಯುವ ದ್ರವ, ಹಾಕುತ್ತೇನೆ ಅಂದರೆ ನಾನು ಒಪ್ಪುವುದಿಲ್ಲ. ಒಳಗೆ ಅಂಟಿಕೊಂಡ ಕೆಸರು ಒಮ್ಮೆಲೇ ಬಿಟ್ಟುಕೊಂಡು ಆಯಿಲ್ ಪಂಪಿನ ಜಾಲರಿಗೆ ಬಂದು ಕೂತರೆ ಆಮೇಲೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಬೇಕಾದರೆ ಆಯಿಲನ್ನು ಬೇಗ ಬೇಗ ಎರಡು ಸಲ ಬದಲಾಯಿಸಿ, ಅದು ನಿಧಾನ ತೊಳೆಯುತ್ತದೆ.

ಇದರಿಂದ ಆಗದಿದ್ದರೆ, ಮೇಲೆ ಹೇಳಿದ ಪರೀಕ್ಷೆಯೂ ಚೈನ್ ಕಡೆಗೇ ಕೈ ತೋರಿಸಿದರೆ, ಆಗ ಚೈನ್ ಕಿಟ್. ಟೆನ್ಷನರ್ ಮಾತ್ರ ಹಾಕಿ ನೋಡೋಣ ಅನ್ನುವವರು ಸಿಗುತ್ತಾರೆ. ಸದ್ದು ನಿಲ್ಲಬಹುದು, ಆದರೆ ಉದ್ದವಾದ ಚೈನ್ ಉದ್ದವಾಗಿಯೇ ಇರುತ್ತದೆ, ಕೋಡ್ ವಾಪಸ್ ಬರುತ್ತದೆ. ಮುಚ್ಚಳ ಬಿಚ್ಚಿದ ಮೇಲೆ ಚೈನ್, ಗೈಡ್, ಟೆನ್ಷನರ್, ಸವೆದಿದ್ದರೆ ಸ್ಪ್ರಾಕೆಟ್, ಮುಂದಿನ ಆಯಿಲ್ ಸೀಲ್ ಎಲ್ಲ ಒಂದೇ ಸಲ ಆಗಲಿ. ಫೇಸರನ್ನು ಕೈಯಲ್ಲಿ ಹಿಡಿದು ಆಡಿಸಿ ನೋಡಲಿ. ಈ ಕೆಲಸದ ಅಪಾಯ ಪಾರ್ಟಿನಲ್ಲಿ ಇಲ್ಲ, ಕೈಯಲ್ಲಿದೆ. ಕ್ಯಾಮ್ ಮತ್ತು ಕ್ರ್ಯಾಂಕನ್ನು ಲಾಕ್ ಮಾಡುವ ಟೂಲ್ ಇದೆಯಾ ಅಂತ ಮೊದಲೇ ಕೇಳಿ. ಪೇಂಟಿನಲ್ಲಿ ಗುರುತು ಹಾಕಿ ಹಾಗೇ ಜೋಡಿಸುತ್ತೇನೆ ಅಂದರೆ, ಸವೆದ ಚೈನಿನ ತಪ್ಪು ಟೈಮಿಂಗನ್ನೇ ಹೊಸ ಚೈನಿಗೂ ಇಳಿಸಿದ ಹಾಗೆ ಆಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಸ್ಪ್ರಾಕೆಟ್ಟಿಗೆ ಕೀಲಿಯೇ ಇರುವುದಿಲ್ಲ, ಬೋಲ್ಟಿನ ಬಿಗಿಯಲ್ಲೇ ನಿಂತಿರುತ್ತದೆ. ಅಂಥದ್ದರಲ್ಲಿ ಹಳೇ ಬೋಲ್ಟ್ ಮತ್ತೆ ಹಾಕಿ ಸುಮ್ನೆ ಅಂದಾಜಿನಲ್ಲಿ ಬಿಗಿದರೆ ಸ್ವಲ್ಪ ದಿನಕ್ಕೆ ಜಾರುತ್ತದೆ, ಮತ್ತೆ ಅದೇ ಪಿ0016. ಜೋಡಿಸಿದ ಮೇಲೆ ಸೆಲ್ಫ್ ಹೊಡೆಯುವ ಮುಂಚೆ ಪಾನಾ ಹಾಕಿ ಕೈಯಿಂದ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತು ನೋಡಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಬೇಕು. ಅಲ್ಲಿ ತಾಗುತ್ತಿರುವುದು ವಾಲ್ವ್ ಇರಬಹುದು.

ಹೀಗೇ ಓಡಿಸಬಹುದಾ ಅಂತ ಕೇಳಿದ್ದಿರಿ. ಬಿಸಿಯಾದರೆ ಆಫ್ ಆಗುವ ಗಾಡಿಯನ್ನು ಗ್ಯಾರೇಜಿಗೆ ತರುವುದಕ್ಕೆ ಬಿಟ್ಟು ಬೇರೆಲ್ಲಿಗೂ ಓಡಿಸಬೇಡಿ. ಅದು ಸರಿಯಾದ ಮೇಲೆ, ಚೈನಿನ ಕಟಕಟ ಬೆಳಿಗ್ಗೆ ಎರಡು ಮೂರು ಸೆಕೆಂಡ್ ಮಾತ್ರ ಇದ್ದು, ಪಿಕಪ್ ಚೆನ್ನಾಗಿದ್ದರೆ, ಆಯಿಲ್ ಬದಲಾಯಿಸಿ ಪರೀಕ್ಷೆ ಮುಗಿಯುವ ತನಕ ಹತ್ತಿರದ ಓಡಾಟಕ್ಕೆ ಮೆಲ್ಲಗೆ ಬಳಸಬಹುದು. ಜಾಸ್ತಿ ಆರ್‌ಪಿಎಂ ಎಳೆಯಬೇಡಿ. ಸ್ಟಾರ್ಟ್ ಆಗದಿದ್ದರೆ ಗೇರಿನಲ್ಲಿ ತಳ್ಳಿಸಿ ಸ್ಟಾರ್ಟ್ ಮಾಡಬೇಡಿ, ಸಡಿಲ ಚೈನ್ ಹಲ್ಲು ಹಾರುವುದಕ್ಕೆ ಅಂಥ ಒಂದು ಜರ್ಕ್ ಸಾಕು. ಇದೇ ಕಾರಣಕ್ಕೆ ಇಳಿಜಾರಿನಲ್ಲಿ ಗೇರಿಗೆ ಹಾಕಿ ಹ್ಯಾಂಡ್ ಬ್ರೇಕ್ ಇಲ್ಲದೆ ನಿಲ್ಲಿಸುವುದೂ ಬೇಡ. ಸದ್ದು ಎರಡು ಸೆಕೆಂಡಿನಿಂದ ಹತ್ತಕ್ಕೆ ಹೋದರೆ, ಅಥವಾ ಬಿಸಿ ಎಂಜಿನ್ನಿನಲ್ಲೂ ಕೇಳಿದರೆ, ಆ ದಿನವೇ ಗಾಡಿ ನಿಲ್ಲಿಸಿ.

ಅಂದ ಹಾಗೆ, ಮೂರು ತಿಂಗಳ ಹಿಂದೆ ತೆಗೆದ ಹಳೇ ಕ್ಯಾಮ್ ಸೆನ್ಸರ್ ಇನ್ನೂ ಗ್ಯಾರೇಜಿನಲ್ಲಿ ಬಿದ್ದಿದ್ದರೆ ಕೇಳಿ ತಂದಿಟ್ಟುಕೊಳ್ಳಿ. ಅದು ಚೆನ್ನಾಗಿಯೇ ಇರುತ್ತದೆ ಅಂತ ನನ್ನ ಅನುಮಾನ.